ಮರಳು ಟೈಮರ್ ಆಟಗಳು: ಟೈಮರ್ ಬರೀ ಚಾಟಿನಾ, ಆಟದ ಕಾಯಿನಾ?

ಕಾಯಿಗಾರ
ಹತ್ತು-ಹದಿನೈದು ನಿಮಿಷದಲ್ಲಿ ಮುಗಿಯೋ ಮರಳು ಟೈಮರ್ ಆಟಗಳನ್ನ ಹುಡುಕ್ತಾ ಇದೀನಿ. ಆದ್ರೆ ಒಂದು ಷರತ್ತಿದೆ.

ಪೆಟ್ಟಿಗೆಯಲ್ಲಿ ಟೈಮರ್ ಬರೋ ಹೆಚ್ಚಿನ ಆಟಗಳಲ್ಲಿ ಅದಕ್ಕಿರೋದು ಒಂದೇ ಕೆಲಸ, ಆಡೋರನ್ನ ಅಟ್ಟೋದು. ಪಿಕ್ಷನರಿ ತಗೊಳ್ಳಿ, ಬಾಗಲ್ ತಗೊಳ್ಳಿ. ಚಿತ್ರ ಬರಿ, ಪದ ಹುಡುಕು, ಮರಳು ಮುಗೀತು, ಪೆನ್ಸಿಲ್ ಕೆಳಗಿಡು. ಅಲ್ಲಿ ಟೈಮರ್ ತೆಗೆದು ಮೊಬೈಲ್ ಇಟ್ಟರೂ ಆಟ ಕೂದಲೆಳೆಯಷ್ಟೂ ಬದಲಾಗಲ್ಲ. ನನಗೆ ಬೇಕಿರೋದು ಬೇರೆ. ಯಾವಾಗ ತಿರುಗಿಸಬೇಕು, ಮೇಲೆ ಎಷ್ಟು ಉಳಿದಿದೆ, ಇನ್ನೆಷ್ಟು ಹೊತ್ತು ಸಿಗುತ್ತೆ ಅಂತ ಅಂದಾಜು ಹಾಕೋದೇ ಆಟದ ಜೀವಾಳ ಆಗಿರಬೇಕು. ಟೈಮರ್ ಕೂಡ ಒಂದು ಕಾಯಿ ಆಗಿರಬೇಕು.

ಎರಡನೇದು. ನಮ್ಮ ಹತ್ರ ಇರೋ "30 ಸೆಕೆಂಡ್" ಟೈಮರ್‌ಗಳು ಒಟ್ಟಿಗೆ ತಿರುಗಿಸಿದ್ರೆ ಒಟ್ಟಿಗೆ ಮುಗಿಯಲ್ಲ. ಸೋತವರು ಪ್ರತಿ ಸಲ "ನನ್ನದು ಬೇಗ ಓಡ್ತು" ಅಂತ ಶುರು ಮಾಡ್ತಾರೆ. ಇದು ಟೈಮರ್ ತಪ್ಪಾ, ಅಥವಾ ಕುಣಿಲಾರದವಳು ನೆಲ ಡೊಂಕು ಅಂದ ಕತೆನಾ?

ದಾಳದದೊರೆ
ಮೊದಲನೇದಕ್ಕೆ ಕಣ್ಣು ಮುಚ್ಚಿ ಹೇಳ್ತೀನಿ: ಮ್ಯಾಜಿಕ್ ಮೇಜ್. 2017ರದ್ದು, ಮಾಡಿದವರು ಕ್ಯಾಸ್ಪರ್ ಲ್ಯಾಪ್.

ನಾಲ್ಕು ಕಾಯಿ ಇರ್ತಾವೆ, ಅವು ಯಾರೊಬ್ಬರದ್ದೂ ಅಲ್ಲ, ಎಲ್ಲರದ್ದೂ. ಒಬ್ಬರು ಮೇಲಕ್ಕೆ ಮಾತ್ರ ನಡೆಸಬಹುದು, ಇನ್ನೊಬ್ಬರು ಎಡಕ್ಕೆ ಮಾತ್ರ, ಹೀಗೆ. ಸರದಿ ಅಂತಿಲ್ಲ, ಎಲ್ಲರೂ ಒಟ್ಟಿಗೆ ಆಡೋದು, ಮಾತಾಡೋ ಹಾಗಿಲ್ಲ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋದನ್ನ ಮೇಜಿನ ಮೇಲೆ ನೋಡಬೇಕಾದ್ರೆ ಇದನ್ನೇ ಆಡಿ.

ಈಗ ನಿಮ್ಮ ಪ್ರಶ್ನೆಗೆ. ಟೈಮರ್ ಮೂರು ನಿಮಿಷದ್ದು. ನಕ್ಷೆಯಲ್ಲಿ ಅಲ್ಲಲ್ಲಿ ಟೈಮರ್ ಗುರುತಿನ ಮನೆ ಇದೆ, ಕಾಯಿ ಅಲ್ಲಿಗೆ ಹೋದ ತಕ್ಷಣ ಟೈಮರ್ ಮಗುಚಬೇಕು. ಒಂದು ಮನೆ ಒಂದೇ ಸಲ, ಆಮೇಲೆ ಅದು ಕೆಟ್ಟುಹೋಯ್ತು ಅಂತ ಲೆಕ್ಕ. ಮಗುಚಿದ ತಕ್ಷಣ ಹೊಸದಾಗಿ ಮೂರು ನಿಮಿಷ ಸಿಗಲ್ಲ, ಕೆಳಗೆ ಬಿದ್ದಿರೋವಷ್ಟೇ ಸಿಗುತ್ತೆ. ಇನ್ನೂ ಎರಡು ನಿಮಿಷ ಉಳಿದಿರುವಾಗ ಹೆದರಿ ಮಗುಚಿದ್ರೋ, ಕೈಗೆ ಬರೋದು ಒಂದೇ ನಿಮಿಷ. ಇದ್ದ ಎರಡೂ ಹೋಯ್ತು, ಮನೆನೂ ಹೋಯ್ತು. ಕೊನೆ ಹತ್ತು ಸೆಕೆಂಡ್‌ವರೆಗೂ ಎದೆ ಗಟ್ಟಿ ಮಾಡ್ಕೊಂಡು ಕಾದ್ರೆ ಹತ್ತಿರ ಹತ್ತಿರ ಮೂರು ನಿಮಿಷ. ಕಾಯಿ ಆ ಮನೆಯ ಪಕ್ಕದಲ್ಲಿ ನಿಂತಿರುತ್ತೆ, ಎಲ್ಲರ ಕಣ್ಣು ಗಾಜಿನ ಮೇಲೆ, ಯಾರೂ ಉಸಿರು ಬಿಡಲ್ಲ. ಆ ಗಳಿಗೆಗೋಸ್ಕರ ಆಟ ಕೊಳ್ಳಬಹುದು.

ಮೌನವ್ರತ
ಮಗುಚಿದಾಗ ಮಾತ್ರ ಮಾತಾಡಬಹುದು ಅನ್ನೋದನ್ನ ಬಿಟ್ರಲ್ಲ ಸಾರ್. ಯಾರಾದ್ರೂ ಒಂದು ಕಾಯಿ ಮುಟ್ಟೋವರೆಗೂ ಮಾತಿಗೆ ಅವಕಾಶ, ಆದ್ರೆ ಆ ಮಾತಿನ ಹೊತ್ತಲ್ಲೂ ಮರಳು ಇಳೀತಾನೇ ಇರುತ್ತೆ. ಹಾಗಾಗಿ ಸಭೆ ಎಷ್ಟು ಹೊತ್ತು ನಡೆಸಬೇಕು ಅನ್ನೋದೂ ಒಂದು ಅಂದಾಜೇ. ನಮ್ಮಲ್ಲೊಬ್ಬರಿದಾರೆ, ಬಾಯಿ ಬಿಡೋಕೆ ಸಿಕ್ಕಿದ ಖುಷಿಗೆ ಹಿಂದಿನ ಸುತ್ತಿನ ಲೋಪದೋಷ ಎಲ್ಲ ವಿಶ್ಲೇಷಣೆ ಮಾಡ್ತಾರೆ. ಅಷ್ಟರಲ್ಲಿ ಅರ್ಧ ಖಾಲಿ.

ಸುಮ್ನೆಬಂದೆ
ಆ ದೊಡ್ಡ ಕೆಂಪು ಕಾಯಿ ಎತ್ತಿ ಎದುರಿಗಿರೋರ ಮುಂದೆ ಟಕ್ ಟಕ್ ಅಂತ ಕುಟ್ಟೋದು ("ಏನಾದ್ರೂ ಮಾಡು ಮಾರಾಯ" ಅನ್ನೋಕೆ ಅದೊಂದೇ ದಾರಿ) ನನ್ನ ಜೀವನದ ಅತಿ ದೊಡ್ಡ ಸಂತೋಷಗಳಲ್ಲಿ ಒಂದು.

ಅವಸರಬೇಡ
ಕ್ಷಮಿಸಿ, ನಾನು ಗುಂಪಿಗೆ ಸೇರದ ಮಾತು ಹೇಳ್ತೀನಿ. ಆಟ ಆಡೋಕೆ ಕೂರೋದೇ ಕೆಲಸದ ಗಡಿಬಿಡಿ ಬಿಟ್ಟು ಒಂದಿಷ್ಟು ಯೋಚನೆ ಮಾಡೋಕೆ. ಅಲ್ಲೂ ಒಬ್ಬ ಮರಳಿನ ಮೇಸ್ತ್ರಿ ತಲೆ ಮೇಲೆ ನಿಂತ್ರೆ ಏನು ಸುಖ? ಟೈಮರ್ ಇರೋ ಆಟದಲ್ಲಿ ಚುರುಕು ಕೈಯವರು ಗೆಲ್ತಾರೆ, ಯೋಚನೆ ಮಾಡೋರು ಸೋಲ್ತಾರೆ. ಕೋಡ್‌ನೇಮ್ಸ್ ಮಾಡಿದ್ದು ಸರಿ: ಪೆಟ್ಟಿಗೆಯಲ್ಲಿ ಟೈಮರ್ ಇದೆ, ಆದ್ರೆ ಯಾರಾದ್ರೂ ತೀರಾ ಎಳೀತಿದಾರೆ ಅನಿಸಿದಾಗ ಮಾತ್ರ ಉಳಿದವರು ಅದನ್ನ ತಿರುಗಿಸ್ತಾರೆ. ಇಲ್ಲಾಂದ್ರೆ ಅದು ಮೂಲೆಯಲ್ಲಿ ಬಿದ್ದಿರುತ್ತೆ. ಅದರ ಜಾಗ ಅದೇ.

ದಾಳದದೊರೆ
@ಅವಸರಬೇಡ ನೀವು ಹೇಳ್ತಿರೋದು ಚಾಟಿ ಟೈಮರ್ ಬಗ್ಗೆ. ಪ್ರಶ್ನೆ ಕೇಳಿದವರೂ ಅದನ್ನೇ ಬೈದಿರೋದು. ನೀವಿಬ್ಬರೂ ಒಂದೇ ಪಕ್ಷ.

ಅವಸರಬೇಡ
ಮೂರು ನಿಮಿಷದಲ್ಲಿ ನಾಲ್ಕು ಕಾಯಿ ಓಡಿಸೋದು ಚಾಟಿ ಅಲ್ದೆ ಮತ್ತೇನು ಸ್ವಾಮಿ? ಬಣ್ಣ ಬಳಿದ ಚಾಟಿ.

ಹಳೆಪೆಟ್ಟಿಗೆ
"ಟೈಮರ್ ಕೂಡ ಒಂದು ಕಾಯಿ ಆಗಿರಬೇಕು" ಅಂದ್ರಲ್ಲ, ಅಕ್ಷರಶಃ ಹಾಗೇ ಇರೋ ಆಟ ಒಂದಿದೆ. 1998ರ ಟಾಮ್ಸ್ಕ್. ಕ್ರಿಸ್ ಬರ್ಮ್ ಅವರ ಗಿಫ್ ಅನ್ನೋ ಹಲಗೆಯಾಟಗಳ ಸರಣಿಯದ್ದು, ಇಬ್ಬರಿಗೆ.

ಷಟ್ಕೋನದ ಹಲಗೆ. ಒಬ್ಬೊಬ್ಬರಿಗೆ ಮೂರು ಮರಳು ಗಡಿಯಾರ, ಅವೇ ಕಾಯಿಗಳು. ಒಂದನ್ನ ಎತ್ತಿ ಪಕ್ಕದ ಮನೆಗೆ ಇಡುವಾಗ ತಲೆಕೆಳಗು ಮಾಡಿ ಇಡಬೇಕು, ಇಟ್ಟ ಮನೆಗೆ ಒಂದು ಉಂಗುರ ಹಾಕಬೇಕು. ಮನೆ ಉಂಗುರಗಳಿಂದ ತುಂಬಿದ ಮೇಲೆ ಅಲ್ಲಿಗೆ ಹೋಗೋ ಹಾಗಿಲ್ಲ. ಜಾಸ್ತಿ ಉಂಗುರ ಖಾಲಿ ಮಾಡಿದವರು ಗೆದ್ದ ಹಾಗೆ. ಮೂರು ನಿಮಿಷದೊಳಗೆ ಒಂದು ಗಡಿಯಾರವನ್ನ ಮುಟ್ಟದೇ ಬಿಟ್ರೆ ಮರಳು ಇಳಿದು ಆ ಕಾಯಿ ಸತ್ತೇ ಹೋಯ್ತು. ಇಲ್ಲೂ ಅದೇ ಸೂತ್ರ, ಬೇಗ ತಿರುಗಿಸಿದ್ರೆ ಆಯುಷ್ಯ ಕಡಿಮೆ. ಮೂರು ಕಾಯಿಗಳ ಮೂರು ಆಯುಷ್ಯ ನೋಡ್ಕೊಂಡು, ಹಲಗೆಯ ಲೆಕ್ಕಾನೂ ಹಾಕಬೇಕು. ಸಾಲದ್ದಕ್ಕೆ ಹದಿನೈದು ಸೆಕೆಂಡಿನ ಇನ್ನೊಂದು ಪುಟ್ಟ ಟೈಮರ್ ಇದೆ, ಎದುರಾಳಿ ಯೋಚನೆ ಮಾಡ್ತಾ ಕೂತ್ರೆ ಅದನ್ನ ತಿರುಗಿಸಿ ಒತ್ತಡ ಹಾಕಬಹುದು.

2007ರಲ್ಲಿ ಗಿಫ್ ಸರಣಿಯಿಂದ ಇದನ್ನ ತೆಗೆದು ಟ್ಸಾರ್ ಅನ್ನೋ ಆಟ ಸೇರಿಸಿದ್ರು. ಉಳಿದ ಗಿಫ್ ಆಟಗಳು ಶಾಂತವಾಗಿ ತಲೆ ಕೆಡಿಸ್ತವೆ, ಇದೊಂದು ಮಾತ್ರ ಬೆವರಿಳಿಸೋದು. ನನ್ನ ಪ್ರಕಾರ ಈ ಜಾತಿಯಲ್ಲಿ ಇದಕ್ಕಿಂತ ಶುದ್ಧವಾದ ಆಟ ಬಂದಿಲ್ಲ.

ಸುಮ್ನೆಬಂದೆ
ಎಲ್ಲಿ ಸಿಗುತ್ತೆ?

ಹಳೆಪೆಟ್ಟಿಗೆ
ಹಳೇದು ಯಾರಾದ್ರೂ ಮಾರಿದ್ರೆ ಅದೃಷ್ಟ. ಮರಳು ಗಡಿಯಾರ ಸರಿಯಿದ್ಯಾ ಅಂತ ಕೇಳದೇ ತಗೋಬೇಡಿ.

ಮಿಲಿಮೀಟರ್
ಎರಡನೇ ಪ್ರಶ್ನೆ ಯಾರೂ ಮುಟ್ಟಿಲ್ಲ, ನಾನು ಮುಟ್ತೀನಿ. ನಿಮ್ಮಲ್ಲಿ ಸೋತವರು ಹೇಳೋದು ಸುಳ್ಳಲ್ಲ.

ಮರಳು ಎಷ್ಟು ವೇಗವಾಗಿ ಇಳಿಯುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಕುತ್ತಿಗೆಯ ಅಗಲ. ಅಗಲ ಜಾಸ್ತಿಯಾದ ಹಾಗೆ ಹರಿವು ನೇರ ಲೆಕ್ಕದಲ್ಲಿ ಏರಲ್ಲ, ಸುಮಾರು ಎರಡೂವರೆ ಘಾತದಲ್ಲಿ ಏರುತ್ತೆ. 1961ರಲ್ಲಿ ಬೆವರ್ಲೂ ಮತ್ತು ಸಂಗಡಿಗರು ಕೊಟ್ಟ ಸೂತ್ರ ಅದು. ಅಂದ್ರೆ ಕುತ್ತಿಗೆ ಶೇ 10ರಷ್ಟು ಅಗಲ ಆದ್ರೆ ಹರಿವು ಕಾಲು ಭಾಗಕ್ಕಿಂತ ಜಾಸ್ತಿ ಏರುತ್ತೆ. ಅಗ್ಗದ ಪ್ಲಾಸ್ಟಿಕ್ ಟೈಮರ್‌ನ ಕುತ್ತಿಗೆಯಲ್ಲಿ ಆ ಕೂದಲೆಳೆ ವ್ಯತ್ಯಾಸ ಇರದೇ ಇರುತ್ತಾ? ಮೇಲಿಂದ ಗಾಳಿಯ ತೇವ. ತೇವ ಸೇರಿದ್ರೆ ಕಾಳುಗಳು ಒಂದಕ್ಕೊಂದು ಅಂಟ್ಕೊಳ್ಳುತ್ತವೆ. ಪ್ಲಾಸ್ಟಿಕ್‌ನಲ್ಲಿ ಸ್ಥಾಯೀ ವಿದ್ಯುತ್ತಿಗೆ ಒಂದಿಷ್ಟು ಕಾಳು ಗೋಡೆಗೇ ಹಿಡ್ಕೊಂಡಿರುತ್ತೆ. ಒಂದೇ ಟೈಮರ್ ಈ ಬದಿಗೂ ಆ ಬದಿಗೂ ಬೇರೆ ಬೇರೆ ಹೊತ್ತು ತೋರಿಸೋದೂ ಉಂಟು.

ಕಣ್ಣಾಮುಚ್ಚಾಲೆ
ಶುರುವಿನಲ್ಲಿ ಮೇಲೆ ಮರಳು ರಾಶಿ ಇರೋದ್ರಿಂದ ಜೋರಾಗಿ ಇಳಿಯುತ್ತೆ, ಕೊನೆಗೆ ನಿಧಾನ ಆಗುತ್ತೆ ಅಲ್ವಾ? ಅದಕ್ಕೇ ಅರ್ಧ ಅಂದಾಜು ಮಾಡೋದು ಕಷ್ಟ.

ಮಿಲಿಮೀಟರ್
ಇಲ್ಲ. ಅದು ನೀರಿಗೆ ಸರಿ, ಮರಳಿಗೆ ಅಲ್ಲ. ನೀರಿನ ಪಾತ್ರೆಯಲ್ಲಿ ಮಟ್ಟ ಇಳಿದ ಹಾಗೆ ಒತ್ತಡ ಇಳಿದು ಧಾರೆ ಸಣ್ಣಗಾಗುತ್ತೆ. ಕಾಳಿನ ರಾಶಿಯಲ್ಲಿ ಮೇಲಿನ ಭಾರದ ಬಹುಪಾಲನ್ನ ಪಕ್ಕದ ಗೋಡೆಗಳೇ ಹೊತ್ಕೊಳ್ಳುತ್ತವೆ. 1895ರಲ್ಲೇ ಯಾನ್ಸೆನ್ ಅನ್ನೋರು ಧಾನ್ಯದ ಕಣಜಗಳ ಲೆಕ್ಕ ಹಾಕುವಾಗ ಇದನ್ನ ಬರೆದಿದಾರೆ. ಹಾಗಾಗಿ ತುಂಬಿದ್ರೂ ಒಂದೇ ವೇಗ, ಮುಕ್ಕಾಲು ಖಾಲಿಯಾದ್ರೂ ಅದೇ ವೇಗ. ಮರಳು ಗಡಿಯಾರ ಗಡಿಯಾರ ಅನಿಸಿಕೊಂಡಿದ್ದೇ ಈ ಗುಣದಿಂದ.

ನಿಮಗೆ ಅರ್ಧ ಅಂದಾಜು ಸಿಗದೇ ಇರೋದಕ್ಕೆ ಕಾರಣ ಬೇರೆ: ಗಾಜಿನ ಆಕಾರ. ಬುರುಡೆ ಕುತ್ತಿಗೆ ಹತ್ರ ಕಿರಿದು, ಮಧ್ಯ ಅಗಲ. ಮಟ್ಟ ಅರ್ಧಕ್ಕೆ ಬಂದಾಗ ಮರಳು ಅರ್ಧ ಇರಲ್ಲ, ಅದಕ್ಕಿಂತ ಕಡಿಮೆ ಇರುತ್ತೆ. ಅದರ ಮೇಲೆ ನಡುವೆ ಗುಳಿ ಬೀಳುತ್ತೆ, ಅಂಚಿನಲ್ಲಿ ಎತ್ತರ ಕಾಣುತ್ತೆ. ಪಕ್ಕದಿಂದ ನೋಡೋರ ಕಣ್ಣು ಅಂಚನ್ನ ನೋಡಿ "ಇನ್ನೂ ಬೇಕಾದಷ್ಟಿದೆ" ಅನ್ಕೊಳ್ಳುತ್ತೆ. ಕೊನೆಗೆ ಗುಳಿಯ ಬದಿ ಒಮ್ಮೆಲೇ ಜಾರಿ ಮುಗಿದೇ ಹೋಯ್ತು. ಮ್ಯಾಜಿಕ್ ಮೇಜ್‌ನಲ್ಲಿ ಕೊನೆ ಹತ್ತು ಸೆಕೆಂಡ್ ಕಾಯ್ತೀವಿ ಅಂತ ಕಾದು ಸೋಲೋರ ಕತೆ ಇಷ್ಟೇ.

ದಾಳದದೊರೆ
ಇದನ್ನ ಪ್ರಿಂಟ್ ತೆಗೆದು ಪೆಟ್ಟಿಗೆ ಮುಚ್ಚಳದ ಒಳಗೆ ಅಂಟಿಸ್ತೀನಿ.

ಕಾಯಿಗಾರ
@ಮಿಲಿಮೀಟರ್ ಹಾಗಾದ್ರೆ ಪರಿಹಾರ? ನಾಲ್ಕು ಟೈಮರ್ ಸಮ ಮಾಡೋದು ಹೇಗೆ?

ಮಿಲಿಮೀಟರ್
ಸಮ ಮಾಡೋಕೆ ಹೋಗ್ಬೇಡಿ. ಎಲ್ಲವನ್ನೂ ಸಾಲಾಗಿ ಇಟ್ಟು ಒಟ್ಟಿಗೆ ತಿರುಗಿಸಿ ಮೊಬೈಲ್‌ನಲ್ಲಿ ವಿಡಿಯೋ ತೆಗೀರಿ. ಆಮೇಲೆ ಇನ್ನೊಂದು ಬದಿ. ಹತ್ತಿರ ಹತ್ತಿರ ಇರೋವನ್ನ ಒಂದೇ ಆಟಕ್ಕೆ ಇಟ್ಕೊಳ್ಳಿ, ತೀರಾ ಹೊರಗಿರೋದನ್ನ ತೆಗೆದಿಡಿ. ಇಷ್ಟಾದ ಮೇಲೂ ವ್ಯತ್ಯಾಸ ಉಳಿಯುತ್ತೆ, ಪ್ರತಿ ಸುತ್ತಿಗೂ ಟೈಮರ್‌ಗಳನ್ನ ಎಡಗಡೆಯವರಿಗೆ ದಾಟಿಸಿ, ಜಗಳ ಮುಗೀತು. ಕುತ್ತಿಗೆಯಲ್ಲಿ ಸಿಕ್ಕಿಕೊಂಡ್ರೆ ಬೆರಳಲ್ಲಿ ಮೆಲ್ಲಗೆ ತಟ್ಟಿ, ಪದೇ ಪದೇ ಸಿಕ್ಕಿಕೊಳ್ಳೋದಾದ್ರೆ ಎಸೆದುಬಿಡಿ.

ನಾವಿಕ
ಟೈಮರ್ ಮೋಸ ಹೊಸದಲ್ಲ ಬಿಡಿ. ಹಾಯಿಹಡಗಿನ ಕಾಲದಲ್ಲಿ ಕಾವಲಿನ ಹೊತ್ತು ಅಳೀತಿದ್ದದ್ದು ಅರ್ಧ ಗಂಟೆಯ ಮರಳು ಗಡಿಯಾರದಲ್ಲಿ. ಪ್ರತಿ ಸಲ ತಿರುಗಿಸಿದಾಗ ಗಂಟೆ ಬಾರಿಸೋದು, ನಾಲ್ಕು ಗಂಟೆಯ ಪಾಳಿಗೆ ಎಂಟು ಬಾರಿ. ಚಳಿಯಲ್ಲಿ ನಿಂತ ಹುಡುಗರು ಪಾಳಿ ಬೇಗ ಮುಗೀಲಿ ಅಂತ ಮರಳು ಪೂರ್ತಿ ಇಳಿಯೋ ಮುಂಚೆನೇ ತಿರುಗಿಸಿಬಿಡ್ತಿದ್ರು. ಹಡಗಿನ ವೇಗ ಅಳೆಯೋಕೆ ಇನ್ನೊಂದು ಪುಟ್ಟ ಗಡಿಯಾರ, 28 ಸೆಕೆಂಡಿನದ್ದು. ನೀರಿಗೆ ಎಸೆದ ಹಗ್ಗದಲ್ಲಿ 47 ಅಡಿ 3 ಇಂಚಿಗೊಂದು ಗಂಟು, ಮರಳು ಇಳಿಯೋದರೊಳಗೆ ಎಷ್ಟು ಗಂಟು ಕೈಯಿಂದ ಜಾರಿತು ಅಂತ ಎಣಿಸೋದು. ಹಡಗಿನ ವೇಗಕ್ಕೆ ಇವತ್ತಿಗೂ ನಾಟ್ ಅನ್ನೋದು ಅಲ್ಲಿಂದಾನೇ.

ಅವಸರಬೇಡ
ವಿಷಯ ಹಡಗು ಹತ್ತಿ ಹೋಯ್ತು.

ಲೆಕ್ಕಪುಸ್ತಕ
ವಾಪಸ್ ಕರ್ಕೊಂಡು ಬರ್ತೀನಿ. ಟೈಮರ್ ಕಾಯಿ ಆಗಿರೋ ಇನ್ನಷ್ಟು ಆಟಗಳು:

ಕಿಚನ್ ರಶ್ (2017). ಇಲ್ಲಿ ಕೆಲಸಗಾರರು ಅಂದ್ರೆ ಮರಳು ಟೈಮರ್‌ಗಳೇ. ಒಂದು ಕೆಲಸಕ್ಕೆ ಟೈಮರ್ ಇಟ್ರೆ ಅರ್ಧ ನಿಮಿಷ ಆ ಕೆಲಸಗಾರ ಅಲ್ಲೇ ಕಟ್ಟಿಹಾಕಿದ ಹಾಗೆ, ಮರಳು ಮುಗಿಯೋವರೆಗೂ ಎತ್ತೋ ಹಾಗಿಲ್ಲ. ಎಲ್ಲರೂ ಒಂದೇ ಪಕ್ಷ, ಗ್ರಾಹಕರು ಎದುರಾಳಿ. ಇದರ ಹಿಂದಿನ ತಲೆಮಾರು 2006ರ ಸ್ಪೇಸ್ ಡೀಲರ್, ಅದರಲ್ಲಿ ಒಂದು ನಿಮಿಷದ ಟೈಮರ್, ಇಡೀ ಆಟ ಅರ್ಧ ಗಂಟೆ.

ಪೆಂಡ್ಯುಲಮ್ (2020). 45 ಸೆಕೆಂಡ್, 2 ನಿಮಿಷ, 3 ನಿಮಿಷ, ಹೀಗೆ ಮೂರು ಟೈಮರ್ ಹಲಗೆಯ ಮೇಲೇ ಅತ್ತಿತ್ತ ದಾಟ್ತಾ ಇರ್ತವೆ. ನಿಮ್ಮ ಹದಿನೈದು ನಿಮಿಷಕ್ಕೆ ಸಿಗಲ್ಲ, ಜೊತೆಗೆ "ನಾನು ಮೊದಲು ಇಟ್ಟೆ" ಅನ್ನೋ ಜಗಳ ಖಾಯಂ.

ರಿಕೋಶೆ ರೋಬೋಟ್ಸ್. ಅಲೆಕ್ಸ್ ರಾಂಡಾಲ್ಫ್ ಅವರದ್ದು. ರೋಬೋಟನ್ನ ಗುರಿ ಮುಟ್ಟಿಸೋಕೆ ಎಷ್ಟು ನಡೆ ಬೇಕು ಅಂತ ಎಲ್ಲರೂ ಮನಸ್ಸಲ್ಲೇ ಲೆಕ್ಕ ಹಾಕೋದು. ಮೊದಲು ಸಂಖ್ಯೆ ಹೇಳಿದವರು ಒಂದು ನಿಮಿಷದ ಟೈಮರ್ ತಿರುಗಿಸ್ತಾರೆ, ಅಷ್ಟರೊಳಗೆ ಬೇರೆಯವರು ಅದಕ್ಕಿಂತ ಕಡಿಮೆ ನಡೆ ಹುಡುಕಿದ್ರೆ ಅವರದ್ದೇ ಗೆಲುವು. ಹನ್ನೆರಡು ಅಂತ ಬೇಗ ಹೇಳಿ ಟೈಮರ್ ಓಡಿಸೋದಾ, ಬಾಯಿ ಮುಚ್ಕೊಂಡು ಎಂಟು ಹುಡುಕೋದಾ? @ಅವಸರಬೇಡ ಇದು ನಿಮಗೂ ಹಿಡಿಸಬಹುದು. ಮೊದಲ ಸಂಖ್ಯೆ ಹೇಳೋವರೆಗೂ ಕಾಲಮಿತಿಯೇ ಇಲ್ಲ.

ಹಳೆಪೆಟ್ಟಿಗೆ
ಗ್ಯಾಲಕ್ಸಿ ಟ್ರಕ್ಕರ್ ಸೇರಿಸಿ. ಅದರಲ್ಲಿ ಬಾಹ್ಯಾಕಾಶ ಹಡಗು ಕಟ್ಟೋ ಹೊತ್ತಲ್ಲಿ ಮರಳು ಇಳಿದು ಮುಗಿದ ಮೇಲೆ ಯಾರು ಬೇಕಾದ್ರೂ ಮಗುಚಬಹುದು, ಕೊನೆಯ ಸಲ ಮಾತ್ರ ಕಟ್ಟಿ ಮುಗಿಸಿದವರೇ ಮಗುಚಬೇಕು. ಮುಗಿಸಿದವರು ಟೈಮರ್ ಕಡೆ ಕೈ ಚಾಚಿದ ತಕ್ಷಣ ಉಳಿದವರು ಇಂಜಿನ್ನನ್ನ ತಿರುಗಾಮುರುಗಾ ಇಟ್ಟುಬಿಡ್ತಾರೆ. ಆದ್ರೆ ಇದೂ ಚುಟುಕು ಆಟ ಅಲ್ಲ.

ಕಣ್ಣಾಮುಚ್ಚಾಲೆ
ದುಡ್ಡು ಕೊಟ್ಟು ಕೊಳ್ಳೋದೆಲ್ಲ ಆಯ್ತು. ಟೈಮರ್‌ಗಳು ಮನೆಯಲ್ಲಿ ಬಿದ್ದಿದ್ರೆ ನಾವು ಆಡೋ ಆಟ ಹೇಳ್ತೀನಿ, ಹೆಸರಿಲ್ಲ, ನಾವೇ ಹೊಸೆದದ್ದು.

ಒಬ್ಬರು ತೀರ್ಪುಗಾರರು, ಉಳಿದವರೆಲ್ಲ ಮೇಜಿಗೆ ಬೆನ್ನು. ತೀರ್ಪುಗಾರರು 30 ಸೆಕೆಂಡ್, 1 ನಿಮಿಷ, 2 ನಿಮಿಷ ಇವುಗಳಲ್ಲಿ ಒಂದನ್ನ ಆರಿಸಿ, ಯಾವುದು ಅಂತ ಹೇಳಿ ತಿರುಗಿಸ್ತಾರೆ. ಮೇಜಿನ ಅಂಚಲ್ಲಿ ಚೀಟಿಗಳ ಕಟ್ಟು: ಮೇಲೆ 1, ಕೆಳಗೆ 2, ಹೀಗೆ ಆಟಗಾರರು ಎಷ್ಟೋ ಅಷ್ಟು. ಮರಳು ಮುಗೀತಾ ಬಂತು ಅನಿಸಿದಾಗ ಕೈ ಹಿಂದಕ್ಕೆ ಚಾಚಿ ಮೇಲಿನ ಚೀಟಿ ಎಳ್ಕೊಳ್ಳಿ. ಹಾಗಾಗಿ ತಡ ಮಾಡಿದಷ್ಟೂ ಅಂಕ ಜಾಸ್ತಿ. ತೀರ್ಪುಗಾರರು "ಮುಗೀತು" ಅಂದಾಗ ಯಾರ ಕೈಯಲ್ಲಿ ಚೀಟಿ ಇಲ್ವೋ ಅವರಿಗೆ ಸೊನ್ನೆ. ಐದು ಸುತ್ತು, ಹತ್ತು ನಿಮಿಷದಲ್ಲಿ ಆಟ ಖತಂ.

ಲೆಕ್ಕಪುಸ್ತಕ
ಚೆನ್ನಾಗಿದೆ, ಆದ್ರೆ ಒಂದು ತೂತಿದೆ. ಚೀಟಿ ಎಳೆಯೋ ಸದ್ದು ಕೇಳುತ್ತೆ. ಪಕ್ಕದವರು ಎಳೆದ ಮೇಲೆ ನಾನು ಒಂದು ಕ್ಷಣ ಬಿಟ್ಟು ಎಳೆದ್ರೆ ಅವರಿಗಿಂತ ಅಂಕ ಜಾಸ್ತಿ. ಹಾಗಾದ್ರೆ ಇದು ಹೊತ್ತು ಅಳೆಯೋ ಆಟ ಅಲ್ಲ, ಒಬ್ಬರನ್ನೊಬ್ಬರು ಕಾಯೋ ಆಟ.

ಕಣ್ಣಾಮುಚ್ಚಾಲೆ
ಅದೇ ಮಜಾ ಅಲ್ವಾ! ನಮ್ಮಲ್ಲಿ ಒಬ್ಬರು ಬೇಕಂತಲೇ ಕುರ್ಚಿ ಕಿರ್ ಅನಿಸ್ತಾರೆ. ಅರ್ಧ ಜನ ಗಾಬರಿಯಲ್ಲಿ ಎಳೆದುಬಿಡ್ತಾರೆ.

ಮಿಲಿಮೀಟರ್
ಶುದ್ಧ ಅಂದಾಜು ಬೇಕಿದ್ರೆ ಚೀಟಿ ಬಿಟ್ಟು, ಕಣ್ಣು ಮುಚ್ಕೊಂಡು ಸದ್ದಿಲ್ಲದೇ ಕೈ ಎತ್ತೋದು, ತೀರ್ಪುಗಾರರು ಸರದಿ ಬರ್ಕೊಳ್ಳೋದು. ಎರಡೂ ಆಡಿ ನೋಡಿ, ಬೇರೆ ಬೇರೆ ಜನ ಗೆಲ್ತಾರೆ.

ಮೌನವ್ರತ
ಮನಸ್ಸಲ್ಲಿ ಒಂದು ಎರಡು ಮೂರು ಅಂತ ಎಣಿಸೋರನ್ನ ಏನು ಮಾಡ್ತೀರಿ? ಎಣಿಸಿದ್ರೆ ಯಾರು ಬೇಕಾದ್ರೂ ಹತ್ತಿರ ಬರ್ತಾರೆ.

ಕಣ್ಣಾಮುಚ್ಚಾಲೆ
ಮಾತಾಡಿಸ್ತೀವಿ. ಸುತ್ತು ನಡೀತಿರುವಾಗ ತೀರ್ಪುಗಾರರು ಎಲ್ಲರಿಗೂ ಪ್ರಶ್ನೆ ಕೇಳ್ತಾ ಇರ್ತಾರೆ, ನೂರರಿಂದ ಏಳೇಳು ಕಳೀತಾ ಹೇಳು, ವಾರದ ಹೆಸರು ಹಿಂದಿನಿಂದ ಹೇಳು ಅಂತೆಲ್ಲ. ಎಣಿಕೆ ತಪ್ಪಿಹೋಗುತ್ತೆ.

ಪರೀಕ್ಷಾರ್ಥಿ
ಹಾಗೆ ಮಾತಾಡಿಸಿದ್ರೆ ಜನ ತಡವಾಗಿ ಕೈ ಎತ್ತುತ್ತಾರೆ, ಗಮನಿಸಿ ನೋಡಿ. ತಲೆ ಬೇರೆ ಕೆಲಸದಲ್ಲಿದ್ದಾಗ ಕಳೆದ ಹೊತ್ತು ಕಡಿಮೆ ಅನಿಸುತ್ತೆ, "ಇನ್ನೂ ಟೈಮಿದೆ" ಅನ್ಕೊಂಡೇ ಕೂತಿರ್ತಾರೆ. ಸುಮ್ಮನೆ ಕೂರಿಸಿ ಗಮನವೆಲ್ಲ ಹೊತ್ತಿನ ಮೇಲೇ ಇದ್ರೆ ಉಲ್ಟಾ, ಬೇಗ ಎತ್ತುತ್ತಾರೆ.

ಇನ್ನೊಂದು. ಬೇರೆ ಬೇರೆ ಅವಧಿಯ ಟೈಮರ್ ಬೆರೆಸಿ ಆಡಿದ್ರೆ ಚಿಕ್ಕದನ್ನ ಜನ ಇರೋದಕ್ಕಿಂತ ಉದ್ದ ಅನ್ಕೊಳ್ತಾರೆ, ಉದ್ದದ್ದನ್ನ ಚಿಕ್ಕದು ಅನ್ಕೊಳ್ತಾರೆ. ಎಲ್ಲವೂ ನಡುವಿನ ಕಡೆಗೆ ವಾಲುತ್ತೆ. 1868ರಲ್ಲೇ ಕಾರ್ಲ್ ಫಾನ್ ಫಿಯರ್‌ಓರ್ಟ್ ಇದನ್ನ ಬರೆದಿದ್ರು. ಜೊತೆಗೆ ಅವಧಿ ಉದ್ದ ಆದಷ್ಟೂ ತಪ್ಪೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತೆ. ಅದಕ್ಕೇ 30 ಸೆಕೆಂಡ್ ಸುತ್ತಿನಲ್ಲಿ ಎಲ್ಲರ ಕೈಯೂ ಗುಂಪಾಗಿ ಏಳುತ್ತೆ, 2 ನಿಮಿಷದ್ದರಲ್ಲಿ ಚೆಲ್ಲಾಪಿಲ್ಲಿ. ಉದ್ದದ ಸುತ್ತಿಗೆ ಅಂಕ ಜಾಸ್ತಿ ಇಡಿ.

ಜ್ವರ ಬಂದವರನ್ನ ಮಾತ್ರ ಪಕ್ಷಕ್ಕೆ ಸೇರಿಸ್ಕೋಬೇಡಿ :) 1930ರ ದಶಕದಲ್ಲಿ ಹಡ್ಸನ್ ಹೋಗ್ಲಂಡ್ ಅನ್ನೋ ವಿಜ್ಞಾನಿ, ಜ್ವರದಿಂದ ಮಲಗಿದ್ದ ಹೆಂಡತಿ "ಇಷ್ಟು ಹೊತ್ತು ಎಲ್ಲಿ ಹೋಗಿದ್ರಿ" ಅಂತ ಕೇಳಿದ್ದಕ್ಕೆ ಗುಮಾನಿ ಬಂದು, ಅವರ ಕೈಯಲ್ಲಿ ಅರವತ್ತರವರೆಗೆ ಎಣಿಸಿದ್ರಂತೆ. ಮೈ ಬಿಸಿ ಏರಿದಷ್ಟೂ ಎಣಿಕೆ ಚುರುಕಾಗಿತ್ತು.

ಸುಮ್ನೆಬಂದೆ
ಹೆಂಡತಿಗೆ ಜ್ವರ, ಗಂಡನಿಗೆ ಪ್ರಯೋಗ. ಶಭಾಷ್.

ನಾವಿಕ
ಗುಹೆಯ ಮನುಷ್ಯನ್ನ ಮರೆತ್ರಾ? ಮಿಶೆಲ್ ಸಿಫ್ರ್, 1962. ಗಡಿಯಾರ ಇಲ್ದೆ ಎರಡು ತಿಂಗಳು ಗುಹೆಯೊಳಗೆ. ಸೆಪ್ಟೆಂಬರ್ 14ಕ್ಕೆ ಹೊರಗೆ ಕರೆದಾಗ ಅವರ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಒಳಗಿದ್ದಾಗ ಸೆಕೆಂಡಿಗೊಂದರಂತೆ 120ರವರೆಗೆ ಎಣಿಸೋಕೆ ಹೋಗಿ ಐದು ನಿಮಿಷ ತಗೊಂಡಿದ್ರು. @ಮೌನವ್ರತ ಎಣಿಸಿದ್ರೆ ಯಾರು ಬೇಕಾದ್ರೂ ಹತ್ತಿರ ಬರ್ತಾರೆ ಅಂದ್ರಲ್ಲ, ತಗೊಳ್ಳಿ.

ಮೌನವ್ರತ
ನಾವು ಎರಡು ತಿಂಗಳು ಕತ್ತಲಲ್ಲಿ ಕೂತು ಆಡಲ್ಲ ಸಾರ್.

ದಾಳದದೊರೆ
ಟೈಮರೇ ಇಲ್ಲದ ಹೊತ್ತಿನ ಆಟ ಒಂದಿದೆ: ದಿ ಮೈಂಡ್ (2018, ವೋಲ್ಫ್‌ಗಾಂಗ್ ವಾರ್ಶ್). 1ರಿಂದ 100ರವರೆಗಿನ ಎಲೆಗಳು, ಮಾತಿಲ್ಲದೆ ಸನ್ನೆಯಿಲ್ಲದೆ ಎಲ್ಲರೂ ಸೇರಿ ಏರಿಕೆಯ ಕ್ರಮದಲ್ಲಿ ಇಳಿಸಬೇಕು. ನನ್ನ ಕೈಯಲ್ಲಿ 37 ಇದ್ರೆ ಎಷ್ಟು ಹೊತ್ತು ಕಾಯಬೇಕು? ಎಲ್ಲರ ಒಳಗಿನ ಗಡಿಯಾರ ಹೊಂದಿಕೊಂಡ್ರೆ ಗೆಲುವು.

ಅವಸರಬೇಡ
ಅದು ಆಟಾನಾ? ಸುಮ್ಮನೆ ಕೂತು ಮುಖ ನೋಡೋದು. ಮನಸ್ಸಲ್ಲಿ ಸೆಕೆಂಡಿಗೊಂದು ಎಣಿಸೋಣ ಅಂತ ಮೊದಲೇ ಮಾತಾಡ್ಕೊಂಡ್ರೆ ಆಟ ಸತ್ತೇ ಹೋಯ್ತು.

ದಾಳದದೊರೆ
ಹಾಗೆ ಮಾತಾಡ್ಕೊಳ್ಳೋರು ಯಾವ ಆಟವನ್ನ ಬೇಕಾದ್ರೂ ಸಾಯಿಸ್ತಾರೆ.

ಪರೀಕ್ಷಾರ್ಥಿ
ಆಟದ ಮಧ್ಯೆ ಬಾಯಾಡಿಸೋಕೆ ಒಂದು ಒಗಟು. 4 ನಿಮಿಷದ್ದೊಂದು, 7 ನಿಮಿಷದ್ದೊಂದು ಟೈಮರ್ ಇದೆ. ಸರಿಯಾಗಿ 9 ನಿಮಿಷ ಅಳೀರಿ. ಮೊಬೈಲ್ ಇಲ್ಲ, ಅಂದಾಜಿಲ್ಲ.

ಲೆಕ್ಕಪುಸ್ತಕ
ಎರಡೂ ಒಟ್ಟಿಗೆ ಶುರು. 4ಕ್ಕೆ ಚಿಕ್ಕದು ಖಾಲಿ, ಮಗುಚಿ. 7ಕ್ಕೆ ದೊಡ್ಡದು ಖಾಲಿ, ಅದನ್ನೂ ಮಗುಚಿ. 8ಕ್ಕೆ ಚಿಕ್ಕದು ಮತ್ತೆ ಖಾಲಿ. ಆಗ ದೊಡ್ಡದರಲ್ಲಿ ಒಂದು ನಿಮಿಷದ ಮರಳು ಮಾತ್ರ ಕೆಳಗಿರುತ್ತೆ, ಅದನ್ನ ಮಗುಚಿದ್ರೆ ಒಂದು ನಿಮಿಷ. ಒಟ್ಟು 9. ನೋಡಿ, ಇಲ್ಲೂ ಕೀಲಿಕೈ ಅದೇ, ಪೂರ್ತಿ ಇಳಿಯೋ ಮುಂಚೆ ಮಗುಚೋದು.

ಕಾಯಿಗಾರ
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮ್ಯಾಜಿಕ್ ಮೇಜ್ ತರಿಸ್ತೀನಿ, ಟಾಮ್ಸ್ಕ್ ಹುಡುಕ್ತಾ ಇರ್ತೀನಿ. ಚೀಟಿ ಆಟ ಇವತ್ತೇ. ಒಂದು ಕೇಳೋದಿತ್ತು: ನಾಲ್ಕು ಜನ ಸೇರಿದ ದಿನ ಸರಿ, ಇಬ್ಬರೇ ಇದ್ದಾಗ ಒಂದೇ ಟೈಮರ್ ಇಟ್ಕೊಂಡು ಏನಾದ್ರೂ ಆಡಬಹುದಾ?

ಹಳೆಪೆಟ್ಟಿಗೆ
ಚದುರಂಗದವರ ಹತ್ರ ಇದಕ್ಕೆ ಉತ್ತರ ಇದೆ. ಕುಲೀನವಾದ ಆಟ ಅಂತ ನಾವಂದ್ಕೊಂಡ್ರೂ ಅಲ್ಲೂ ಮೊದಲು ಬಂದದ್ದು ಮರಳೇ: 1861ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಕೋಲಿಶ್ ಆಡಿದಾಗ ಎರಡು ಗಂಟೆಗೆ 24 ನಡೆ ಅಂತ ಮರಳು ಗಡಿಯಾರ ಇಟ್ಟಿದ್ರು. ಜೋಡಿ ಯಂತ್ರ ಗಡಿಯಾರ ಬಂದದ್ದು 1883ರ ಲಂಡನ್ ಪಂದ್ಯಾವಳಿಗೆ. ಈಗಿನ ಡಿಜಿಟಲ್ ಗಡಿಯಾರಗಳಲ್ಲೂ ಮರಳು ಗಡಿಯಾರದ ಕ್ರಮ ಅಂತ ಒಂದಿದೆ, ನೀವು ಯೋಚಿಸಿದಷ್ಟು ಹೊತ್ತು ನಿಮ್ಮದರಲ್ಲಿ ಕಳೆದು ಎದುರಾಳಿಯದ್ದಕ್ಕೆ ಕೂಡುತ್ತೆ.

ಅದನ್ನ ಒಂದೇ ಟೈಮರ್‌ನಲ್ಲಿ ಮಾಡಬಹುದು. ಮೂರು ನಿಮಿಷದ್ದು ತಗೊಳ್ಳಿ, ಅರ್ಧ ಇಳಿಯೋಕೆ ಬಿಟ್ಟು ಅಡ್ಡ ಮಲಗಿಸಿ. ಮರಳು ನಿಲ್ಲುತ್ತೆ, ಈಗ ಇಬ್ಬರಿಗೂ ಸಮಪಾಲು. ಆಡೋದು ಯಾವುದಾದ್ರೂ ಚಿಕ್ಕ ಆಟ, ಮೂರು ಕಾಯಿ ಸಾಲು ಹೂಡೋದಾದ್ರೂ ನಡೆಯುತ್ತೆ. ನಿಮ್ಮ ಸರದಿಯಲ್ಲಿ ನಿಮ್ಮ ಬುರುಡೆ ಮೇಲೆ, ನಡೆ ಇಟ್ಟ ತಕ್ಷಣ ಮಗುಚಿ. ನೀವು ತಡ ಮಾಡಿದಷ್ಟೂ ನಿಮ್ಮ ಮರಳು ಅವರ ಬುರುಡೆಗೆ ಹೋಗುತ್ತೆ. ಮೇಲಿನ ಬುರುಡೆ ಯಾರ ಸರದಿಯಲ್ಲಿ ಖಾಲಿ ಆಯ್ತೋ ಅವರು ಸೋತ ಹಾಗೆ.

ಅವಸರಬೇಡ
ಯೋಚನೆ ಮಾಡಿದ್ದಕ್ಕೆ ದಂಡ, ಅದೂ ಎದುರಾಳಿಗೇ ಕಟ್ಟಬೇಕು. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದ್ಯಾ?

ಹಳೆಪೆಟ್ಟಿಗೆ
ಅವರು ಯೋಚನೆ ಮಾಡುವಾಗ ನಿಮಗೆ ವಾಪಸ್ ಬರುತ್ತಲ್ಲ ಸ್ವಾಮಿ.

ಅವಸರಬೇಡ
ನನ್ನ ಎದುರು ಕೂರೋರು ಯಾರೂ ಯೋಚನೆ ಮಾಡಲ್ಲ.

ಮಿಲಿಮೀಟರ್
ಒಂದು ಸೇರಿಸ್ತೀನಿ: ಎರಡು ಬದಿಗೂ ಒಂದೇ ವೇಗ ಇರೋ ಟೈಮರ್ ಆರಿಸ್ಕೊಳ್ಳಿ. ಸಿಗದೇ ಇದ್ರೆ ಪ್ರತಿ ಆಟಕ್ಕೆ ಬುರುಡೆ ಅದಲು ಬದಲು. ಗುರುತಿಗೆ ಒಂದು ಬದಿಗೆ ರಬ್ಬರ್ ಬ್ಯಾಂಡ್ ಹಾಕಿ.